ನಮ್ಮ ಕಾರ್ ಶೆಡ್ಡಿನ ಎಡಗೈ ಎಂಜಿನ್

ಕಾಸರಗೋಡಿನ ಹೊಸ ಬಸ್‌ಸ್ಟ್ಯಾಂಡಿನ ಹತ್ತಿರ ಬೀಗದ ಕೈ ಮಾಡಿಕೊಡುವ ಒಂದು ಗೂಡಂಗಡಿ ಇದೆ. ಮೊನ್ನೆ ಗೇಟಿನ ಕೀ ಒಂದು ಕಳೆದುಹೋಗಿ, ಉಳಿದದ್ದನ್ನು ಹಿಡಿದುಕೊಂಡು ಡುಪ್ಲಿಕೇಟ್ ಮಾಡಿಸಲು ಅಲ್ಲಿ ನಿಂತಿದ್ದೆ. ಅಂಗಡಿಯವನು ಹಿತ್ತಾಳೆಯ ತುಂಡನ್ನು ಮೆಷಿನಿಗೆ ಒತ್ತಿ ಹಿಡಿದ. ಕಿರ್ರೆಂದು ಹಳದಿ ಪುಡಿ ಹಾರಿತು, ಅದರ ಹಿಂದೆಯೇ ವಾಸನೆ ಬಂತು. ಬಿಸಿಯಾದ ಹಿತ್ತಾಳೆಗೆ ಒಂದು ವಾಸನೆ ಉಂಟೆಂದರೆ ಎಷ್ಟು ಜನ ನಂಬುತ್ತಾರೋ. ಹಳೆಯ ನಾಣ್ಯವನ್ನು ಬೆವರಿದ ಮುಷ್ಟಿಯಲ್ಲಿ ಬಹಳ ಹೊತ್ತು ಹಿಡಿದುಕೊಂಡರೆ ಬರುವಂಥದ್ದು, ಅದಕ್ಕೆ ಒಂದಿಷ್ಟು ಎಣ್ಣೆ ಸೇರಿದ ಹಾಗೆ. "ಅಮ್ಮಾ, ಆಯ್ತು" ಎಂದು ಅವನು ಎರಡು ಸಲ ಹೇಳಬೇಕಾಯಿತು. ನಾನು ಬಸ್‌ಸ್ಟ್ಯಾಂಡಿನಲ್ಲಿ ಇರಲಿಲ್ಲ. ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ, ಮೂರು ವರ್ಷ ಹಿಂದಿನ ಮಳೆಗಾಲದಲ್ಲಿ ಇದ್ದೆ.

ಕಾರ್ ಶೆಡ್ ಎಂಬುದು ಬಾಯಿಯ ಅಭ್ಯಾಸ. ನಮ್ಮವರು ತೀರಿಕೊಂಡ ಮೇಲೆ ಕಾರನ್ನು ಕೊಟ್ಟುಬಿಟ್ಟಿದ್ದೆ. ನಾಲ್ಕು ಗೋಡೆ, ಒಂದು ಶೀಟಿನ ಮಾಡು, ನೆಲದಲ್ಲಿ ಹಳೆಯ ಎಣ್ಣೆಯ ಕಲೆ. ಅದರಲ್ಲಿ ಲೇತ್ ಬಂದು ಕೂರುತ್ತದೆ ಎಂದು ಯಾರಾದರೂ ಹೇಳಿದ್ದರೆ "ಡೋಂಟ್ ಬಿ ಸಿಲ್ಲಿ" ಎನ್ನುತ್ತಿದ್ದೆ.

ಹಿಂದಿನ ಔಟ್‌ಹೌಸಿಗೆ ಸಂಜೀವಣ್ಣ ಮತ್ತು ಅವರ ಹೆಂಡತಿ ಲೀಲಾ ಬಾಡಿಗೆಗೆ ಬಂದದ್ದು ಆ ವರ್ಷದ ವಿಷು ಕಳೆದ ಮೇಲೆ. ಸಂಜೀವಣ್ಣ ನನಗಿಂತ ಹದಿನೈದು ವರ್ಷವಾದರೂ ಚಿಕ್ಕವರು. ಆದರೆ ನಮ್ಮ ಕಡೆ ಕಸುಬಿನವರನ್ನು ಅಣ್ಣ ಎನ್ನದೆ ಕರೆದರೆ ನಾಲಿಗೆಗೆ ಒಗ್ಗುವುದಿಲ್ಲ. ಗಲ್ಫಿನ ಒಂದು ಹಡಗು ರಿಪೇರಿಯ ಯಾರ್ಡಿನಲ್ಲಿ ಇಪ್ಪತ್ತಾರು ವರ್ಷ ಟರ್ನರ್ ಆಗಿದ್ದವರು, ಅಂದರೆ ಲೇತ್ ಮೆಷಿನಿನಲ್ಲಿ ಕಬ್ಬಿಣವನ್ನು ತಿರುಗಿಸಿ ಕೆತ್ತುವವರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಮೊದಲ ದಿನ ಬಾಡಿಗೆಯ ಮಾತಿಗೆ ನಮ್ಮ ಜಗಲಿಯಲ್ಲಿ ಕೂತಾಗ ಅವರ ಬಲಗೈ ತೊಡೆಯ ಮೇಲೆ ನಡುಗುತ್ತಿದ್ದುದನ್ನು ನೋಡಿದೆ. ಹೆಬ್ಬೆರಳು ಮತ್ತು ತೋರುಬೆರಳು ಕಾಣದ ಗುಳಿಗೆಯೊಂದನ್ನು ಹೊಸೆಯುತ್ತಿರುವ ಹಾಗೆ. ನಾನು ಕಣ್ಣು ಬೇರೆ ಕಡೆ ಮಾಡಿದೆ. ಲೀಲಾ ಮಾಡಲಿಲ್ಲ.

"ಅದೇ ಟೀಚರೇ, ಅದಕ್ಕೇ ಕಳಿಸಿದ್ದು ಅವರು," ಎಂದಳು. "ಒಂದು ಶಾಫ್ಟ್ ಎರಡು ಮಿಲಿಮೀಟರ್ ಗಿಡ್ಡ ಆಯ್ತಂತೆ. ಇಪ್ಪತ್ತಾರು ವರ್ಷದಲ್ಲಿ ಒಂದು ಶಾಫ್ಟ್! ಕೈ ನೋಡಿದ್ರು, ಟಿಕೆಟ್ ಕೊಟ್ರು."

"ಸಾಕು ಲೀಲಾ," ಎಂದರು ಸಂಜೀವಣ್ಣ.

ಬಂದ ವಾರದಲ್ಲೇ ಅವರು ಕೆಲಸ ಕೇಳಿಕೊಂಡು ಹಮೀದಾಕನ ಹತ್ತಿರ ಹೋಗಿದ್ದರು. ಹಮೀದಾಕನದು ಮೀನಿನ ಬೋಟುಗಳ ಎಂಜಿನ್ ರಿಪೇರಿಯ ವರ್ಕ್‌ಶಾಪ್. ಇಬ್ಬರೂ ಮೀಸೆ ಬರುವ ಮೊದಲೇ ಮಂಗಳೂರಿನಲ್ಲಿ ಒಬ್ಬನೇ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತವರಂತೆ. ಹಮೀದಾಕ ಹೇಳಿದ್ದನ್ನು ಸಂಜೀವಣ್ಣ ನನಗೆ ಆಮೇಲೆ ಒಂದು ದಿನ, ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದರು. "ಸಂಜೀವಾ, ನೀನು ದಿನಾ ಬಾ. ಚಾ ಕುಡಿ, ನನ್ನ ಕೆಲಸದವರಿಗೆ ನಾಲ್ಕು ಬೈ. ಮೆಷಿನ್ ಮಾತ್ರ ಮುಟ್ಟಬೇಡ. ನಿನ್ನ ಕೈ ನೋಡಿದ್ರೆ ನಂಗೆ ಹೆದರಿಕೆ ಆಗ್ತದೆ ಮಾರಾಯ."

ಕೆಟ್ಟ ಮನುಷ್ಯನಲ್ಲ ಹಮೀದಾಕ. ವರ್ಕ್‌ಶಾಪಿನ ಮೂಲೆಯಲ್ಲಿ ಗೋಣಿ ಹೊದ್ದು ಕೂತಿದ್ದ ಹಳೆಯ ಚಿಕ್ಕ ಲೇತನ್ನು ಟೆಂಪೋದಲ್ಲಿ ಹಾಕಿ ಕಳಿಸಿಕೊಟ್ಟ. ಆಡಿಕೊಂಡಿರಲಿ ಎಂದು. ಹಾಗೆ ನಮ್ಮ ಕಾರ್ ಶೆಡ್ಡಿಗೆ ಲೇತ್ ಬಂತು.

ಸಂಜೀವಣ್ಣನ ಹತ್ತಿರ ಒಂದು ಮರದ ಪೆಟ್ಟಿಗೆ ಇತ್ತು. ಯಾರ್ಡಿನಲ್ಲಿ ಅವರ ಮೊದಲ ಫೋರ್‌ಮನ್ ಒಬ್ಬ ಮುದುಕ ಇಂಗ್ಲಿಷಿನವ. ಅವನು ರಿಟೈರ್ ಆಗಿ ಊರಿಗೆ ಹೊರಟಾಗ ಇವರ ಕೈಯಲ್ಲಿ ಕೊಟ್ಟು ಹೋದದ್ದು. ಇಷ್ಟು ವರ್ಷ ಲೇಬರ್ ಕ್ಯಾಂಪಿನ ಮಂಚದ ಅಡಿಯಲ್ಲಿದ್ದು ಬಂದಿತ್ತು. ಅದರಲ್ಲಿ ಇದ್ದದ್ದು ಎಂಜಿನ್ ಅಲ್ಲ, ಎಂಜಿನ್ ಆಗಬಹುದಾದ ವಸ್ತುಗಳು: ಅಚ್ಚಿನಲ್ಲಿ ಹೊಯ್ದ ಒರಟು ಕಬ್ಬಿಣದ ಐದಾರು ತುಂಡು, ಹಳದಿ ಲೋಹದ ಎರಡು ಗಟ್ಟಿ, ಒಂದು ಚಕ್ರ. ಮುಟ್ಟಿದರೆ ಇನ್ನೂ ಬೆರಳಿಗೆ ಮರಳು ಹತ್ತುತ್ತಿತ್ತು. ಎಲ್ಲದರ ಅಡಿಯಲ್ಲಿ ಮಡಚಿಟ್ಟ ನಾಲ್ಕು ಹಾಳೆ ನಕ್ಷೆ. ಅವನ್ನು ಕೆತ್ತಿ, ಕೊರೆದು, ಉಜ್ಜಿ ಜೋಡಿಸಿದರೆ ಒಂದು ಗೇಣು ಎತ್ತರದ ಉಗಿ ಎಂಜಿನ್ ಆಗುತ್ತದೆ. ಹೀಗೆ ಮನೆಯಲ್ಲಿ ಕೂತು ಪುಟಾಣಿ ಎಂಜಿನ್ ಮಾಡುವುದು ಅಲ್ಲಿನವರಿಗೆ ಒಂದು ಹಾಬಿಯಂತೆ. ನಮ್ಮಲ್ಲಿ ಸ್ಟ್ಯಾಂಪ್ ಕಲೆಕ್ಷನ್ ಇದ್ದ ಹಾಗೆ.

"ಟೀಚರೇ, ನೀವೇ ಕೇಳಿ," ಎಂದಳು ಲೀಲಾ. ಅವಳು ಬ್ಲೌಸ್ ಹೊಲಿಯುತ್ತಾಳೆ, ಬಾಯಲ್ಲಿ ಸದಾ ಒಂದು ಗುಂಡುಸೂಜಿ. "ಇದ್ರಲ್ಲಿ ತೆಂಗಿನಕಾಯಿ ತುರೀಲಿಕ್ಕೆ ಆಗ್ತದಾ? ನನ್ನ ಹೊಲಿಗೆ ಮೆಷಿನ್ ತಿರುಗಿಸ್ಲಿಕ್ಕೆ ಆಗ್ತದಾ?"

"ಆಗುದಿಲ್ಲ," ಎಂದರು ಸಂಜೀವಣ್ಣ.

"ಮತ್ತೆ ಎಂತದಕ್ಕೆ ಅದು?"

"ತಿರುಗುದಕ್ಕೆ."

ಈ ಉತ್ತರಕ್ಕೆ ನಾನು ಸೋತೆ. ಹೆಂಡತಿಗೆ ಹೇಳಿದ್ದು ಅಷ್ಟೇ. ಅದರ ಹಿಂದೆ ಇದ್ದದ್ದು ಏನೆಂದು ಮೂವರಿಗೂ ಗೊತ್ತಿತ್ತು. ಒಂದು ಗಿಡ್ಡ ಶಾಫ್ಟಿಗಾಗಿ ಮನೆಗೆ ಕಳಿಸಲ್ಪಟ್ಟ ಮನುಷ್ಯನಿಗೆ ತನ್ನ ಕೈ ಇನ್ನೂ ಟರ್ನರನ ಕೈ ಹೌದೋ ಅಲ್ಲವೋ ಎಂದು ನೋಡಬೇಕಾಗಿತ್ತು. ಅದನ್ನು ತೋರಿಸಿಕೊಡಲು ಅವರ ಹತ್ತಿರ ಇದ್ದದ್ದು ಆ ಪೆಟ್ಟಿಗೆ ಒಂದೇ. ಒಂದು ತುಂಡು ಹಾಳಾದರೆ ಇನ್ನೊಂದು ಸಿಗುವುದಿಲ್ಲ.

ನನ್ನ ಪಾತ್ರ ಶುರುವಾದದ್ದು ನಕ್ಷೆಯಿಂದ. ಗೆರೆಗಳನ್ನು, ಅಂಕೆಗಳನ್ನು ಅವರು ನನಗಿಂತ ಸಾವಿರ ಪಾಲು ಚೆನ್ನಾಗಿ ಓದುತ್ತಿದ್ದರು. ಆದರೆ ಆ ಹಾಳೆಗಳ ಬದಿಯಲ್ಲಿ ಉದ್ದುದ್ದ ಇಂಗ್ಲಿಷ್ ಪ್ಯಾರಾಗಳು. ಏಳನೇ ಕ್ಲಾಸಿಗೆ ಕನ್ನಡ ಶಾಲೆ ಬಿಟ್ಟವರು ಅವರು. ನಾನೋ ಮಂಗಳೂರಿನ ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಸಿಸ್ಟರುಗಳ ಕೈಯಲ್ಲಿ ಪೆಟ್ಟು ತಿಂದು ಇಂಗ್ಲಿಷ್ ಕಲಿತವಳು, ಆಮೇಲೆ ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಅದನ್ನೇ ಕಲಿಸಿದವಳು. ಈ ಊರಿನಲ್ಲಿ ಯಾರಿಗೆ ವೀಸಾದ ಕಾಗದ ಬಂದರೂ, ಕೋರ್ಟಿನ ನೋಟೀಸು ಬಂದರೂ "ಟೀಚರಿಗೆ ತೋರಿಸು" ಎನ್ನುತ್ತಿದ್ದರು. ಆ ಮಾತು ನನಗೆ ಎಷ್ಟು ರುಚಿಯಾಗಿತ್ತೆಂದು ಆಗ ಗೊತ್ತಿರಲಿಲ್ಲ.

ಸಂಜೆ ನಾಲ್ಕು ಗಂಟೆಗೆ ಚಾ ಕುಡಿದು ನಾನು ಶೆಡ್ಡಿಗೆ ಹೋಗುತ್ತಿದ್ದೆ. ನಾನು ಓದಿ ಕನ್ನಡದಲ್ಲಿ ಹೇಳುವುದು, ಅವರು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಇಂಚನ್ನು ಮಿಲಿಮೀಟರಿಗೆ ತಿರುಗಿಸುವುದು. ಜೂನ್ ತಿಂಗಳ ಇಡವದ ಮಳೆ ಆಗಷ್ಟೇ ಹಿಡಿದಿತ್ತು. ಶೀಟಿನ ಮೇಲೆ ಮಳೆ ಬಿದ್ದರೆ ನಾನು ಕ್ಲಾಸ್‌ರೂಮಿನ ಗಂಟಲು ತೆಗೆಯಬೇಕಾಗುತ್ತಿತ್ತು. ಕರೆಂಟ್ ಹೋದರೆ ಇಬ್ಬರೂ ಸುಮ್ಮನೆ ಕೂತು ಮಳೆ ನೋಡುವುದು. ಆಗ ಅವರ ಬಲಗೈ ನಡುಗುತ್ತಿರುತ್ತಿತ್ತು. ಕರೆಂಟ್ ಬಂದು, ಎದ್ದು, ಲೇತಿನ ಹ್ಯಾಂಡಲ್ ಮೇಲೆ ಆ ಕೈ ಇಟ್ಟರೋ, ನಡುಕ ನಿಲ್ಲುತ್ತಿತ್ತು. ಮೊದಲ ಸಲ ನಾನು ನಂಬಲಿಲ್ಲ. ಕನ್ನಡಕ ಒರೆಸಿ ನೋಡಿದೆ. ಸುಮ್ಮನಿದ್ದಾಗ ಮಾತ್ರ ನಡುಗುವ ಕೈ ಅದು. ಕೆಲಸ ಕೊಟ್ಟರೆ ಕಲ್ಲು.

"ಅಲ್ಲಿ ಡಾಕ್ಟರ್ ಕೂರಿಸಿ ನೋಡಿದ್ದು ಟೀಚರೇ," ಎಂದರು ಅವರು. "ಮೆಷಿನಿನ ಎದುರು ನಿಲ್ಲಿಸಿ ನೋಡ್ಲಿಲ್ಲ."

ಅವರು ಕೆಲಸ ಮಾಡುವುದನ್ನು ನೋಡುವುದೆಂದರೆ! ನಾನು ಜೀವನದಲ್ಲಿ ಒಳ್ಳೆಯ ಸಂಗೀತ ಕೇಳಿದ್ದೇನೆ, ಚರ್ಚಿನ ಕಾಯರ್‌ನಲ್ಲಿ ಹಾಡಿಯೂ ಇದ್ದೇನೆ. ಅಂಥ ಏಕಾಗ್ರತೆಯನ್ನು ಹತ್ತಿರ ನಿಂತು ನೋಡಿದ್ದು ಅಲ್ಲೇ. ತಿರುಗುವ ಕಬ್ಬಿಣಕ್ಕೆ ಉಳಿ ತಾಗಿಸುವಾಗ ಅವರು ಕಣ್ಣಿಗಿಂತ ಕಿವಿಯನ್ನು ಮುಂದೆ ಮಾಡುತ್ತಿದ್ದರು. ಸದ್ದು ಒಂದಿಷ್ಟು ಒಡೆದರೆ ನಿಲ್ಲಿಸಿ, ಉಳಿಯನ್ನು ಕಲ್ಲಿಗೆ ನಾಲ್ಕು ಸಲ ತೀಡಿ, ಪುನಃ. ಸಿಪ್ಪೆ ಸುರುಳಿ ಸುರುಳಿಯಾಗಿ ಬಂದು ಅವರ ಚಪ್ಪಲಿಯ ಮೇಲೆ ಬೀಳುತ್ತಿತ್ತು. ಒಂದು ತಲೆಗೂದಲಿನ ಹತ್ತನೇ ಒಂದು ಪಾಲು ಜಾಸ್ತಿ ಇದೆ ಎಂದು ಅರ್ಧ ದಿನ ಉಜ್ಜುತ್ತಿದ್ದರು. ಯಾರೂ ನೋಡದ, ಒಳಗೆ ಹೋಗಿ ಕೂರುವ ಭಾಗ ಅದು. "ಯಾರಿಗೆ ಗೊತ್ತಾಗ್ತದೆ ಸಂಜೀವಣ್ಣಾ?" ಎಂದು ಒಮ್ಮೆ ಕೇಳಿಬಿಟ್ಟೆ. ಅವರು ನನ್ನನ್ನು ನೋಡಿದ ನೋಟಕ್ಕೆ, ಕಂಪೋಸಿಷನ್ ಬರೆಯದೆ ಬಂದ ಹುಡುಗಿಯ ಹಾಗೆ ತಲೆ ತಗ್ಗಿಸಿದೆ.

ಒಂದು ಕಡೆ ನಕ್ಷೆಯಲ್ಲಿ "ಎ ನೈಸ್ ಸ್ಲೈಡಿಂಗ್ ಫಿಟ್" ಎಂದು ಬರೆದಿತ್ತು. ನೈಸ್ ಎಂಬ ಶಬ್ದವನ್ನು ಮೂವತ್ತಮೂರು ವರ್ಷ ಮಕ್ಕಳ ಕಾಪಿಯಲ್ಲಿ ಕೆಂಪು ಗೆರೆ ಎಳೆದು ಹೊಡೆದುಹಾಕಿದವಳು ನಾನು. ಸೋಮಾರಿಗಳ ವಿಶೇಷಣ ಅದು. "ಇದನ್ನು ಹೇಗೆ ಹೇಳುವುದೋ" ಎಂದೆ. ಅವರು ಪಿಸ್ಟನಿಗೆ ಒಂದು ತೊಟ್ಟು ಎಣ್ಣೆ ಸವರಿ ಸಿಲಿಂಡರಿನ ಬಾಯಲ್ಲಿಟ್ಟು ಕೈ ಬಿಟ್ಟರು. ಅದು ಬೀಳಲಿಲ್ಲ, ಸಿಕ್ಕಿಕೊಳ್ಳಲೂ ಇಲ್ಲ. ತನ್ನ ತೂಕಕ್ಕೆ ತಾನೇ, ನಿದ್ದೆ ಬರುವ ಮಗುವಿನ ರೆಪ್ಪೆಯ ಹಾಗೆ ನಿಧಾನಕ್ಕೆ ಇಳಿಯಿತು.

"ಇದು ನೈಸ್," ಎಂದರು.

ಈಗ ಆ ಸಿಲಿಂಡರಿನ ಮಾತಿಗೆ ಬರಬೇಕು. ಐ ಹ್ಯಾವ್ ಬೀನ್ ಪುಟಿಂಗ್ ಇಟ್ ಆಫ್.

ಸಿಲಿಂಡರಿನ ಹಾಳೆಯನ್ನು ಓದಿದ ದಿನ ಜೋರು ಮಳೆ. ಪ್ಯಾರಾಗಳನ್ನೆಲ್ಲ ಓದಿ ಮುಗಿಸಿದ್ದೆ. ಸಂಜೀವಣ್ಣ ಹಾಳೆಯ ಕೆಳಗಿನ ಮೂಲೆಗೆ ಬೆರಳಿಟ್ಟು, "ಇಲ್ಲಿ ಎಂತದೋ ಸಣ್ಣಕ್ಕೆ ಬರೆದದ್ದು ಉಂಟಲ್ಲ ಟೀಚರೇ?" ಎಂದು ಕೇಳಿದರು. ನೋಡಿದೆ. ಮೂರೇ ಶಬ್ದ: ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್. ಮೂರಕ್ಕೆ ಮೂರೂ ನನಗೆ ಗೊತ್ತಿರುವ ಶಬ್ದಗಳು. ಮೂರು ಸೇರಿ ಏನು ಹೇಳುತ್ತಿವೆ ಎಂಬುದು ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳಬಹುದಿತ್ತು. ಶಬ್ದವನ್ನಾದರೂ ಹಾಗೇ ಓದಿ ಹೇಳಬಹುದಿತ್ತು. ಅದರ ಬದಲು ನಾನು, "ಅದು ಪ್ರಿಂಟಿಂಗಿನವರದ್ದು. ನಮಗೆ ಬೇಕಾದ್ದಲ್ಲ" ಎಂದೆ.

ಅವರು ತಲೆಯಾಡಿಸಿದರು. ಟೀಚರ್ ಹೇಳಿದ ಮೇಲೆ ಆಯ್ತಲ್ಲ.

ಆ ಸಿಲಿಂಡರಿನ ಕಾಸ್ಟಿಂಗ್ ಎರಡೂ ಬದಿಗೆ ಒಂದೇ ತರ ಇತ್ತು. ಉಗಿ ಒಳಗೆ ಬರುವ, ಹೊರಗೆ ಹೋಗುವ ದಾರಿಗಳನ್ನು ಯಾವ ಬದಿಯಲ್ಲಿ ಕೊರೆಯಬೇಕು ಎಂಬುದನ್ನು ನಕ್ಷೆಯೇ ಹೇಳಬೇಕು. ಹತ್ತು ದಿನ ಕೊರೆದರು. ಗುಂಡುಸೂಜಿಗಿಂತ ಸ್ವಲ್ಪ ದಪ್ಪದ ದಾರಿಗಳು, ಒಂದಕ್ಕೊಂದು ಒಳಗೇ ಕೂಡಬೇಕು, ಕಣ್ಣಿಗೆ ಕಾಣುವುದಿಲ್ಲ. ಕೂಡಿದಾಗ ಬಾಯಿಯಿಂದ ಊದಿ, ಇನ್ನೊಂದು ತುದಿಗೆ ನನ್ನ ಅಂಗೈ ಹಿಡಿಸಿ ಗಾಳಿ ಬರುತ್ತದೋ ಎಂದು ಕೇಳಿದರು. ಬರುತ್ತಿತ್ತು. ಇಬ್ಬರೂ ನಕ್ಕೆವು.

ಮರುದಿನ ಬೆಳಿಗ್ಗೆ ಸಿಲಿಂಡರನ್ನು ಅದರ ಕಂಬದ ಮೇಲಿಟ್ಟು ನೋಡಿದರು. ನಾನು ಹೋಗುವಾಗ ಅವರು ಸ್ಟೂಲಿನ ಮೇಲೆ ಕೂತಿದ್ದರು. ಕಂಬದ ಬಲಬದಿಗೆ, ಕವಾಟದ ಸರಳು ಹಾದುಹೋಗಲೆಂದು ಅಚ್ಚಿನಲ್ಲೇ ಹೊಯ್ದ ಒಂದು ಪುಟ್ಟ ತೋಳು. ಅವರು ಕೊರೆದ ದಾರಿಗಳೋ ಎಡಬದಿಗೆ. ನನಗೂ ಕಂಡಿತು.

"ತಪ್ಪಿತು ಟೀಚರೇ," ಎಂದರು. ಅಷ್ಟೇ. ಕೈ ಮೊಣಕಾಲಿನ ಮೇಲೆ ನಡುಗುತ್ತಿತ್ತು. "ಕೈ ಮಾತ್ರ ಅಂತ ಗ್ರಹಿಸಿದ್ದೆ. ತಲೆ ಸಹ ಹೋಗಿದೆ."

ಲೇತನ್ನು ಚೆನ್ನಾಗಿ ಒರೆಸಿ, ಎಣ್ಣೆ ಹಚ್ಚಿ, ಲೀಲಾಳ ಒಂದು ಹಳೆ ಸೀರೆ ಹೊದೆಸಿದರು. ಸಾಯಂಕಾಲ ಹಮೀದಾಕನಿಗೆ ಫೋನ್ ಮಾಡಿ ಲೇತ್ ಕೊಂಡುಹೋಗಲು ಹೇಳಿದರಂತೆ. ಮಳೆ ಬಿಡಲಿ, ಟೆಂಪೋ ಕಳಿಸ್ತೇನೆ ಎಂದನಂತೆ ಹಮೀದಾಕ. ಮಳೆ ಬಿಡಲಿಲ್ಲ. ಆ ವರ್ಷದ ಮಳೆಗೆ ನಾನು ಕೃತಜ್ಞಳು.

ಆ ರಾತ್ರಿಯೇ ನನಗೆ ಸಂಶಯ ಬಂದಿತ್ತು. ಬೆಳಿಗ್ಗೆ ಮೊಬೈಲಿನಲ್ಲಿ ಆ ಮೂರು ಶಬ್ದ ಟೈಪ್ ಮಾಡಿದೆ. ಯಾವುದೋ ಪಾಲಿಟೆಕ್ನಿಕ್ಕಿನ ಲೆಕ್ಚರರ್ ಒಬ್ಬ ಒಂದು ಬೆಂಕಿಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ತೋರಿಸುತ್ತಾ ಎರಡೇ ನಿಮಿಷದಲ್ಲಿ ಹೇಳಿ ಮುಗಿಸಿದ. ವಸ್ತುವನ್ನು ಎಡದಿಂದ ನೋಡಿದಾಗ ಕಾಣುವ ಚಿತ್ರವನ್ನು ಕಾಗದದ ಮೇಲೆ ಬಲಕ್ಕೆ ಬರೆಯುವುದು ಒಂದು ಪದ್ಧತಿ, ಅದು ಇಂಗ್ಲೆಂಡಿನ ಹಳಬರದ್ದು. ಎಡಕ್ಕೇ ಬರೆಯುವುದು ಇನ್ನೊಂದು, ಅದು ಅಮೆರಿಕದವರದ್ದು. ಯಾವ ಪದ್ಧತಿ ಎಂದು ಮೂಲೆಯಲ್ಲಿ ಬರೆದಿರುತ್ತಾರೆ, ಅದನ್ನು ನೋಡದೆ ಉಳಿ ಮುಟ್ಟಬೇಡಿ ಎಂದ. ಸಂಜೀವಣ್ಣನ ಯಾರ್ಡಿನಲ್ಲಿ ಎಲ್ಲವೂ ಅಮೆರಿಕದ ಪದ್ಧತಿ. ಇಪ್ಪತ್ತಾರು ವರ್ಷ ಓದಿದ ಹಾಗೆಯೇ ಅವರು ಇದನ್ನೂ ಓದಿದ್ದರು. ಮೂಲೆಯಲ್ಲಿ ಏನಿದೆ ಎಂದು ಕೇಳಿಯೂ ಇದ್ದರು.

ಗೊತ್ತಾದ ಕೂಡಲೇ ಓಡಿಹೋಗಿ ಹೇಳಿದೆ ಎಂದು ಬರೆಯಲು ನನಗೂ ಆಸೆ. ಮೂರು ದಿನ ಹೋಗಲಿಲ್ಲ. ಹೇಗಾದರೂ ಶೆಡ್ಡಿನ ಕಡೆ ಹೋಗದೆ ಇರಲು ಕಾರಣ ಹುಡುಕಿದೆ. ಔಟ್‌ಹೌಸಿನಿಂದ ಹೊಲಿಗೆ ಮೆಷಿನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಮಧ್ಯಾಹ್ನ ಕಿಟಕಿಯಿಂದ ನೋಡಿದರೆ ಸಂಜೀವಣ್ಣ ಜಗಲಿಯಲ್ಲಿ ಕೂತು ತಮ್ಮ ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದುಕೊಂಡಿದ್ದರು, ನಾಯಿಮರಿಯನ್ನು ಹಿಡಿದ ಹಾಗೆ. ಆ ಮನುಷ್ಯ ತನಗೆ ಬುದ್ಧಿ ತಪ್ಪಿದೆ ಎಂದುಕೊಂಡಿದ್ದ. ಇತ್ತ ನಾನು ನನ್ನ ಇಂಗ್ಲಿಷಿನ ಮರ್ಯಾದೆ ಕಾಯುತ್ತಿದ್ದೆ. ನಾಲ್ಕನೆಯ ದಿನ ಕೊಡೆ ಹಿಡಿದುಕೊಂಡು ಅಂಗಳ ದಾಟಿದೆ.

ಲೀಲಾ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಳು. "ಬನ್ನಿ ಟೀಚರೇ, ನೀವಾದ್ರೂ ಹೇಳಿ ಇವ್ರಿಗೆ ಎರಡು ತುತ್ತು ತಿನ್ಲಿಕ್ಕೆ."

ನಾನು ಕೂರಲಿಲ್ಲ. ನಿಂತೇ ಹೇಳಿದೆ. ಮೂಲೆಯಲ್ಲಿ ಬರೆದದ್ದು ಪ್ರಿಂಟಿಂಗಿನವರದ್ದಲ್ಲ, ಯಾವ ಬದಿ ಯಾವುದು ಎಂದು ಹೇಳುವ ಮಾತೇ ಅದು, ನನಗೆ ಅರ್ಥವಾಗಲಿಲ್ಲ, ಅರ್ಥವಾಗಲಿಲ್ಲ ಎಂದು ಹೇಳಲು ನಾಚಿಕೆಯಾಗಿ ಸುಳ್ಳು ಹೇಳಿದೆ ಎಂದೆ. ಒಂದೂ ಇಂಗ್ಲಿಷ್ ಶಬ್ದ ಹಾಕದೆ ಹೇಳಿದೆ. ಅದು ಆಮೇಲೆ ಗಮನಕ್ಕೆ ಬಂತು.

ಲೀಲಾಳ ಕೈಯ ಚೂರಿ ನಿಂತಿತು. "ಯಾವಾಗ ಗೊತ್ತಾದದ್ದು ನಿಮ್ಗೆ?"

"ಮೂರು ದಿನ ಆಯ್ತು."

"ಮೂರು ದಿನ!" ಅವಳು ಎದ್ದೇ ನಿಂತಳು. ಬೀಜಗಳು ಜಗಲಿಯೆಲ್ಲ ಉರುಳಿದವು. "ಟೀಚರೇ, ಮೂರು ದಿನ ಈ ಮನುಷ್ಯ ಊಟ ಮಾಡ್ಲಿಲ್ಲ, ನಿದ್ದೆ ಮಾಡ್ಲಿಲ್ಲ. ನೀವು ಅಲ್ಲಿ ಕೂತು ಪೇಪರ್ ಓದ್ತಾ ಇದ್ರಿ! ನಮ್ಗೆ ಇಂಗ್ಲಿಷ್ ಬರುದಿಲ್ಲ ಅಂತ ನಾವು ಹೇಳುದಿಲ್ವಾ? ಹೇಳಿ ಸತ್ತೇ ಹೋದೆವಾ?"

ಅಂಥದ್ದೊಂದು ಬೈಗುಳ ನನಗೆ ಐವತ್ತು ವರ್ಷ ಮೊದಲೇ ಸಿಗಬೇಕಿತ್ತು.

ಸಂಜೀವಣ್ಣ ಮಾತ್ರ ಅವಳ ಮಾತನ್ನು ಕೇಳುತ್ತಿರಲಿಲ್ಲ. "ಒಮ್ಮೆ ಪುನಃ ಹೇಳಿ ಟೀಚರೇ. ಎಡದಿಂದ ನೋಡಿದ್ದು ಬಲಕ್ಕೆ?"

"ಹೌದು."

"ಹಾಗಾದ್ರೆ ನಕ್ಷೆಯನ್ನು ಕನ್ನಡಿಯಲ್ಲಿ ನೋಡಿದ ಹಾಗೆ ಮಾಡಿದ್ದೇನೆ ನಾನು."

"ಹೌದು."

ಅವರು ಎದ್ದು, ಚಪ್ಪಲಿಯೂ ಹಾಕದೆ ಮಳೆಯಲ್ಲೇ ಶೆಡ್ಡಿಗೆ ನಡೆದರು. ನಾವಿಬ್ಬರೂ ಒಂದೇ ಕೊಡೆಯಡಿ ಹಿಂದೆ ಹೋದೆವು, ಅವಳು ಇನ್ನೂ ಬೈಯುತ್ತಾ, ಆದರೆ ಕೊಡೆಯನ್ನು ನನ್ನ ಕಡೆಗೇ ಜಾಸ್ತಿ ಹಿಡಿದು. ಅವರು ಸಿಲಿಂಡರನ್ನು ಹಿಡಿದು, ಮೈಕ್ರೋಮೀಟರ್ ತೆಗೆದು ಅಳೆಯತೊಡಗಿದರು. "ಓದಿ ಟೀಚರೇ, ಹಾಳೆಯಲ್ಲಿದ್ದ ಅಂಕೆ ಓದಿ." ನಾನು ಓದಿದೆ. ಅವರು ಗೋಡೆ ನೋಡಿದರು, ಅಳತೆ ನೋಡಿದರು. ಎರಡನೆಯದು ಓದಿದೆ. ಮೂರನೆಯದು. ಹನ್ನೊಂದು ಅಳತೆ. ಹನ್ನೊಂದೂ ಕೂದಲಷ್ಟೂ ತಪ್ಪಿರಲಿಲ್ಲ. ಬೇರೆ ಬದಿಯಲ್ಲಿ, ಅಷ್ಟೇ.

"ಲೀಲಾ," ಎಂದರು, ಮುಖ ತಿರುಗಿಸದೆ. "ಕೈ ಸರಿ ಉಂಟು."

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ, "ಕೈ ಸರಿ ಇದ್ರೆ ಊಟ ಮಾಡಿ," ಎಂದಳು.

ಕೊರೆದ ದಾರಿಯನ್ನು ಮುಚ್ಚಲಾಗುವುದಿಲ್ಲ. ಸಿಲಿಂಡರನ್ನೇ ತಿರುಗಿಸಿ ಇಡೋಣವೆಂದರೆ ಅದು ಕಂಬದ ಮೇಲೆ ಒಂದೇ ರೀತಿಯಲ್ಲಿ ಕೂರುತ್ತದೆ. ಇನ್ನೊಂದು ಸಿಲಿಂಡರ್ ಇಲ್ಲ. ಉಳಿದದ್ದು ಒಂದೇ ಉಪಾಯ, ಅದನ್ನು ಅವರು ಅನ್ನದ ಬಟ್ಟಲಿನ ಎದುರೇ ಕಂಡುಹಿಡಿದರು: ಇಡೀ ಎಂಜಿನನ್ನೇ ಎಡಬಲ ತಿರುಗಿಸಿಬಿಡುವುದು. ಚಕ್ರ ಆ ಕಡೆ ಇದ್ದದ್ದು ಈ ಕಡೆ, ಸರಳು ಈ ಕಡೆ ಇದ್ದದ್ದು ಆ ಕಡೆ. ಕನ್ನಡಿಯೊಳಗಿನ ಎಂಜಿನನ್ನು ಹೊರಗೆ ತಂದು ನಿಲ್ಲಿಸಿದ ಹಾಗೆ. ಅದಕ್ಕೆ ಕಂಬದ ಬಲತೋಳನ್ನು ಕತ್ತರಿಸಿ ಎಸೆಯಬೇಕು, ಎಡಕ್ಕೆ ಹಿತ್ತಾಳೆಯಲ್ಲಿ ಹೊಸ ತೋಳು ಮಾಡಿ ಕೂರಿಸಬೇಕು. ಕಂಬವೂ ಒಂದೇ. ತೋಳು ಕತ್ತರಿಸಿದ ಮೇಲೆ ಹಿಂದೆ ಹೋಗುವ ದಾರಿ ಇಲ್ಲ.

"ಕತ್ತರಿಸ್ಲಾ?" ಎಂದು ನನ್ನನ್ನು ಕೇಳಿದರು. ನನ್ನನ್ನು ಏಕೆ ಕೇಳಿದರೋ.

"ನನಗೆ ಗೊತ್ತಿಲ್ಲ ಸಂಜೀವಣ್ಣ," ಎಂದೆ. ಈ ಸಲ ಸತ್ಯ ಹೇಳಿದೆ.

"ನಂಗೆ ಗೊತ್ತುಂಟು," ಎಂದು ಹ್ಯಾಕ್ಸಾ ತೆಗೆದುಕೊಂಡರು.

ಆಮೇಲಿನ ಮೂರು ವಾರ ನನ್ನ ಮುದಿ ಪ್ರಾಯದ ಅತ್ಯಂತ ಒಳ್ಳೆಯ ಮೂರು ವಾರ. ನನಗೂ ಕೆಲಸ ಸಿಕ್ಕಿತ್ತು. ಉಳಿದ ಹಾಳೆಗಳನ್ನು ಒಂದೊಂದಾಗಿ ಹಿಮ್ಮುಖ ಮಾಡಿ ಶೆಡ್ಡಿನ ಕಿಟಕಿಯ ಗಾಜಿಗೆ ಅಂಟಿಸಿ, ಅದರ ಮೇಲೆ ಬಿಳಿ ಕಾಗದ ಹಿಡಿದು, ಹಿಂದಿನಿಂದ ಬರುವ ಮಳೆಗಾಲದ ಮಂಕು ಬೆಳಕಿನಲ್ಲಿ ಗೆರೆಗಳನ್ನು ತಿದ್ದುವುದು. ಗೆರೆಗಳು ತಿರುಗುತ್ತವೆ. ಅಂಕೆಗಳನ್ನು ಮಾತ್ರ ಮೂಲದಿಂದ ನೋಡಿ ನೇರವಾಗಿ ಬರೆಯಬೇಕು. ಸ್ಕೇಲು, ಪೆನ್ಸಿಲು, ರಬ್ಬರು. ಕುತ್ತಿಗೆ ನೋಯುತ್ತಿತ್ತು. ಬರೆದದ್ದನ್ನು ಸಂಜೀವಣ್ಣ ಮೂಲದ ಜೊತೆ ಇಟ್ಟು, ಒಂದೊಂದು ಗೆರೆಗೂ ಬೆರಳಿಟ್ಟು ಪರೀಕ್ಷೆ ಮಾಡುತ್ತಿದ್ದರು. ನನ್ನ ಕಾಪಿಗೆ ಬೇರೆಯವರು ಕರೆಕ್ಷನ್ ಹಾಕಿದ್ದು ಕಾನ್ವೆಂಟ್ ಬಿಟ್ಟ ಮೇಲೆ ಅದೇ ಮೊದಲು. ಎರಡು ಹಾಳೆ ಪುನಃ ಬರೆಸಿದರು. ಬರೆದೆ. ಲೀಲಾ ಬಾಗಿಲಲ್ಲಿ ನಿಂತು, "ಇಂಪೊಸಿಷನಾ ಟೀಚರೇ?" ಎಂದು ಕೇಳಿ ಹೋಗುತ್ತಿದ್ದಳು. ಅವಳು ಕ್ಷಮಿಸಿದ್ದು ಹಾಗೆ.

ಕ್ರ್ಯಾಂಕ್ ಶಾಫ್ಟ್ ಮಾಡಿದ ದಿನಗಳನ್ನು ಮರೆಯುವಂತಿಲ್ಲ. ಒಂದು ಗಟ್ಟಿ ಉಕ್ಕಿನ ಸರಳನ್ನು ಸುತ್ತಲೂ ಕೆತ್ತುತ್ತಾ ಕೆತ್ತುತ್ತಾ, ನಡುವಿನಲ್ಲಿ ಮೊಣಕೈಯಂತೆ ಮಡಚಿದ ಒಂದು ಭಾಗವನ್ನು ಉಳಿಸಿಕೊಳ್ಳುವುದು. ಕಡೆಕಡೆಗೆ ಅದು ಪೆನ್ಸಿಲಿಗಿಂತ ಸಪೂರ. ಉಳಿ ಒಮ್ಮೆ ಹೆಚ್ಚು ಕಚ್ಚಿದರೆ ತಿರುಚಿ ಬಿಸಾಡಬೇಕು. ಆ ಕೈ ಹ್ಯಾಂಡಲನ್ನು ತಿರುಗಿಸಿತೆಂದು ಹೇಳುವುದು ತಪ್ಪು. ಹ್ಯಾಂಡಲ್ ತಾನೇ ತಿರುಗಲು ಮನಸ್ಸು ಮಾಡುವ ತನಕ ಕಾಯುತ್ತಿತ್ತು. ಮುಗಿದಾಗ ಅವರು ಅದನ್ನು ನನ್ನ ಅಂಗೈಯಲ್ಲಿಟ್ಟರು. ಇನ್ನೂ ಬಿಸಿ ಇತ್ತು.

ಜುಲೈ ಮುಗಿಯುತ್ತಿತ್ತು, ಆಟಿ ತಿಂಗಳು ಬಂದು ಒಂದು ವಾರವಾಗಿತ್ತು. ಎಂಜಿನ್ ಜೋಡಿಸಿಯಾಗಿತ್ತು. ಉಗಿ ಬೇಕಾದರೆ ಬಾಯ್ಲರ್ ಬೇಕು, ಅದು ಇನ್ನೂ ಇಲ್ಲ. ಸದ್ಯಕ್ಕೆ ಗಾಳಿಯಲ್ಲಿ ಓಡಿಸಿ ನೋಡಬಹುದು. ಸಂಜೀವಣ್ಣ ಟಯರಿಗೆ ಗಾಳಿ ಹಾಕುವ ಕಂಪ್ರೆಸರ್ ಕೇಳಲು ಫೋನ್ ಮಾಡಿದ್ದು ಹಮೀದಾಕನಿಗೆ. ಲೇತ್ ಕೊಂಡುಹೋಗಲು ಟೆಂಪೋ ಯಾವಾಗ ಕಳಿಸಲಿ ಎಂದು ಕೇಳುತ್ತಿದ್ದವನು, ಕಂಪ್ರೆಸರನ್ನು ಆಟೋದಲ್ಲಿ ಹಾಕಿಕೊಂಡು ತಾನೇ ಬಂದ. ದಪ್ಪ ಆಸಾಮಿ, ಬಿಳಿ ಗಡ್ಡ, ಬಿಳಿ ಲುಂಗಿಯಲ್ಲಿ ಡೀಸೆಲ್ ವಾಸನೆ. ಶೆಡ್ಡಿನ ಒಳಗೆ ಬಂದು, ಬೆಂಚಿನ ಮೇಲೆ ಕೂತಿದ್ದ ಗೇಣುದ್ದದ ಎಂಜಿನನ್ನು ಬಗ್ಗಿ ಸುತ್ತಲಿಂದ ನೋಡಿದ.

"ಎಂತ ಸಂಜೀವಾ, ಇದ್ರ ಎಡಬಲ ಉಲ್ಟಾ ಉಂಟಲ್ಲ?" ಒಂದು ನಿಮಿಷದಲ್ಲಿ ಕಂಡುಹಿಡಿದ. ಒಂದೇ ಮೇಸ್ತ್ರಿಯ ಶಿಷ್ಯರಲ್ಲವೇ.

ಸಂಜೀವಣ್ಣ ನನ್ನ ಕಡೆ ನೋಡಲಿಲ್ಲ. "ಹಾಗೆ ಮಾಡಿದ್ದು," ಎಂದರು.

"ನನ್ನ ತಪ್ಪು," ಎಂದೆ ನಾನು. ಪೂರ್ತಿ ಹೇಳಿದೆ. ಹಮೀದಾಕ ಕೇಳಿ ಗಡ್ಡ ಸವರಿಕೊಂಡ. "ಎಡಗೈ ಎಂಜಿನ್ ಅನ್ನಿ," ಎಂದ.

ಕಂಪ್ರೆಸರಿನ ರಬ್ಬರ್ ಪೈಪನ್ನು ಸಿಕ್ಕಿಸಿದರು. ಗಾಳಿ ಬಿಟ್ಟರು. ಬುಸ್ ಎಂದಿತು, ತಿರುಗಲಿಲ್ಲ. ಸಂಜೀವಣ್ಣ ಗಾಳಿ ನಿಲ್ಲಿಸಿ, ಸ್ಪ್ಯಾನರಿನಿಂದ ಒಂದು ನಟ್ಟನ್ನು ಕಾಲು ಸುತ್ತು ಸಡಿಲ ಮಾಡಿ, ಕವಾಟದ ಸರಳನ್ನು ಕಂಡೂ ಕಾಣದಷ್ಟು ಸರಿಸಿ, ಪುನಃ ಬಿಗಿದರು. ಗಾಳಿ ಬಿಟ್ಟರು. ಚಕ್ರವನ್ನು ಬೆರಳಿನಿಂದ ಒಮ್ಮೆ ಮೆಲ್ಲಗೆ ತಳ್ಳಿದರು.

ತಿರುಗಿತು. ಮೊದಲು ಒಂದೊಂದೇ ಸುತ್ತು, ಎಣಿಸಬಹುದಾದ ಹಾಗೆ. ಆಮೇಲೆ ಚಕ್ರದ ಕಡ್ಡಿಗಳು ಕಾಣದಾದವು, ಪಿಸ್ಟನಿನ ಸರಳು ಮೇಲೆ ಕೆಳಗೆ ಮಿಂಚಿತು. ಹೊಲಿಗೆ ಮೆಷಿನಿನಷ್ಟೂ ಸದ್ದಿಲ್ಲ. ಮೆತ್ತಗೆ ಉಸಿರಾಡುವ ಸದ್ದು, ಅಷ್ಟೇ. ಬೆಂಚಿನ ಮೇಲಿದ್ದ ಎಣ್ಣೆಯ ಬಟ್ಟಲಿನಲ್ಲಿ ಒಂದು ಅಲೆಯೂ ಏಳಲಿಲ್ಲ. ನಾವು ನಾಲ್ಕು ಜನ ಅದನ್ನು ಎಷ್ಟು ಹೊತ್ತು ನೋಡಿದೆವೋ. ಲೀಲಾ ಬಾಯಿಯ ಗುಂಡುಸೂಜಿ ತೆಗೆದು, "ಚಂದ ಉಂಟು," ಎಂದಳು. ಅವಳ ಬಾಯಿಂದ ಅದು ದೊಡ್ಡ ಮಾತು.

ಹಮೀದಾಕ ನೋಡುತ್ತಿದ್ದದ್ದು ಎಂಜಿನನ್ನಲ್ಲ. ಸ್ಟೂಲಿನ ಮೇಲೆ ಕೂತ ಸಂಜೀವಣ್ಣನ ಬಲಗೈಯನ್ನು. ಕೆಲಸ ಮುಗಿಸಿದ ಕೈ ಪುನಃ ಮೊಣಕಾಲಿನ ಮೇಲೆ ನಡುಗತೊಡಗಿತ್ತು. ಅವನು ಆ ಕೈಯನ್ನು ನೋಡಿ, ಎಂಜಿನನ್ನು ನೋಡಿ, ಪುನಃ ಕೈಯನ್ನು ನೋಡಿದ. ಆಮೇಲೆ ಹೊರಗೆ ಹೋಗಿ ಆಟೋದ ಸೀಟಿನ ಹಿಂದಿನಿಂದ, ಪೇಪರಿನಲ್ಲಿ ಸುತ್ತಿದ ಮೊಣಕೈ ಉದ್ದದ ಒಂದು ವಸ್ತುವನ್ನು ತಂದ. ಬರುವಾಗಲೇ ತಂದಿದ್ದ. ಕೊಡಲೋ ಬೇಡವೋ ಎಂದು ಕೆಲಸ ನೋಡಿ ತೀರ್ಮಾನ ಮಾಡೋಣ ಎಂದು ಬಂದಿದ್ದ.

"ಒಂದು ಬೋಟಿನ ಪಂಪಿನ ಶಾಫ್ಟ್," ಎಂದ, ಗಂಟಲು ಸರಿಮಾಡಿಕೊಂಡು. "ಹಳೇ ಕಾಲದ್ದು, ಇಂಥದ್ದು ಈಗ ಬರುದಿಲ್ಲ. ಹೊಸತು ಮಾಡ್ಬೇಕು. ನನ್ನಲ್ಲಿ ಇರುವವರಿಗೆ ಕೊಡ್ಲಿಕ್ಕೆ ಧೈರ್ಯ ಬರುದಿಲ್ಲ. ನೀನು ಮಾಡು. ಅವಸರ ಇಲ್ಲ, ಓಣಂ ಕಳೆದು ಇಳಿಸುವ ಬೋಟ್ ಅದು."

ಲೀಲಾಳ ಮುಖ ಅರಳಿತು. ಇದಕ್ಕೇ ಅಲ್ಲವೇ ಇಷ್ಟೆಲ್ಲ.

ಸಂಜೀವಣ್ಣ ಪೇಪರ್ ಬಿಚ್ಚಿ, ಸವೆದ ಶಾಫ್ಟನ್ನು ಬೆಳಕಿಗೆ ಹಿಡಿದು, ಉಗುರು ಎಳೆದು ನೋಡಿದರು. ಆಮೇಲೆ ಅದನ್ನು ಬೆಂಚಿನ ಆ ತುದಿಗೆ ಇಟ್ಟು, ಗಾಳಿಯಲ್ಲಿ ಓಡುತ್ತಿದ್ದ ತಮ್ಮ ಎಂಜಿನಿನ ಕಡೆಗೆ ತಿರುಗಿದರು.

"ಇಡು ಹಮೀದಾ," ಎಂದರು. "ನೋಡುವಾ. ಇದಕ್ಕೆ ಬಾಯ್ಲರ್ ಆಗ್ಬೇಕಷ್ಟೆ. ಅದು ಆಗುವ ತನಕ ನಂಗೆ ಪುರುಸೊತ್ತಿಲ್ಲ."